64 ಮನೆ, 64 ಮತ: ಪ್ಯಾದೆಗೆ ಮಾತ್ರ ಮತವಿಲ್ಲ!

ಚುನಾವಣೆ ಅಂದರೇನು ಅಂತ ಗೋಕಾಕ, ಮೂಡಲಗಿ, ಹುಕ್ಕೇರಿ ಮಂದಿಗೆ ಯಾರೂ ಬಂದು ಪಾಠ ಹೇಳಬೇಕಾಗಿಲ್ಲ. 2025ರ ಸೆಪ್ಟೆಂಬರ್ ತಿಂಗಳೆಲ್ಲ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಚುನಾವಣೆಯ ಗದ್ದಲದಲ್ಲಿ ಹೋಯಿತು. ಅದರ ಧೂಳು ಅಡಗುವ ಮೊದಲೇ ಅಕ್ಟೋಬರ್‌ನಲ್ಲಿ ಬೆಳಗಾವಿ ಡಿಸಿಸಿ ಬ್ಯಾಂಕಿನ ಚುನಾವಣೆ ಬಂತು. ಯಾವ ಊರಿನ ಪಿಕೆಪಿಎಸ್ ಠರಾವು ಯಾರ ಹೆಸರಿಗೆ ಆಯಿತು, ಯಾರು ಯಾವ ಬಣದಲ್ಲಿ ಕೂತರು, ಯಾರು ಎದ್ದರು, ಇದೆಲ್ಲವನ್ನು ನಮ್ಮ ಕಿರಾಣಿ ಅಂಗಡಿಯವರು ತಕ್ಕಡಿ ಕೆಳಗಿಡದೆಯೇ ಹೇಳಬಲ್ಲರು.

ಇಂಥ ಬಲ್ಲವರ ಮುಂದೆ ಒಂದು ಪ್ರಶ್ನೆ ಇಟ್ಟು ನೋಡಿ. “ಚೆಸ್ ಆಟದ ಅಖಿಲ ಭಾರತ ಸಂಸ್ಥೆಗೆ ಅಧ್ಯಕ್ಷರನ್ನ ಆರಿಸವರು ಯಾರ್ರೀ?” “ಆಡೋ ಹುಡುಗ್ರ ಇರಬೇಕ ಬಿಡ್ರಿ” ಎಂಬ ಉತ್ತರ ಬರುತ್ತದೆ. ಅಲ್ಲ ಸ್ವಾಮಿ, ಅಲ್ಲ! ಆಡುವವನಿಗೆ ಅಲ್ಲಿ ಮತವೇ ಇಲ್ಲ.

ಈ ಮಾತು ನಮಗ್ಯಾಕೆ ಅನ್ನಬೇಡಿ. ಇವತ್ತು ನಮ್ಮ ತಾಲೂಕುಗಳಲ್ಲೂ ಶಾಲೆ ಮುಗಿದ ಮೇಲೆ ಹುಡುಗರು ಹಲಗೆ ಹಾಸಿ ಕೂಡ್ರುತ್ತಿದ್ದಾರೆ. ಭಾನುವಾರ ನಸುಕಿನ ಬಸ್ಸಿಗೆ ಬೆಳಗಾವಿಗೋ ಹುಬ್ಬಳ್ಳಿಗೋ ಮಗಳನ್ನು ಆಡಿಸಲು ಕರೆದೊಯ್ಯುವ ಅಪ್ಪ, ಅವ್ವ ಇದ್ದಾರೆ. ಪ್ರವೇಶ ಶುಲ್ಕ, ಬಸ್ ಚಾರ್ಜು, ಮಧ್ಯಾಹ್ನದ ಊಟ ಎಲ್ಲ ಅವರ ಕಿಸೆಯಿಂದಲೇ. ಆ ಖರ್ಚಿಗೆ ಬೆಲೆ ಸಿಗುತ್ತದೋ ಇಲ್ಲವೋ ಎಂಬುದರಲ್ಲಿ ಮಗುವಿನ ಬುದ್ಧಿಯ ಜೊತೆಗೆ ಮೇಲೆ ಕುರ್ಚಿಯಲ್ಲಿ ಕೂತವರ ಪಾತ್ರವೂ ಇದೆ.

ಮೆಟ್ಟಿಲು ಎಷ್ಟು?

ಲೆಕ್ಕ ನಮ್ಮ ಊರಿನಿಂದಲೇ ಶುರು ಮಾಡೋಣ. ಹುಕ್ಕೇರಿ ವಿದ್ಯುತ್ ಸಂಘ 1969ರಲ್ಲಿ ಹುಟ್ಟಿದ್ದು. ಅಲ್ಲಿ ಸದಸ್ಯನಾದವನು ತಾನೇ ಹೋಗಿ ಮತ ಹಾಕುತ್ತಾನೆ. ಒಂದೇ ಮೆಟ್ಟಿಲು. ಡಿಸಿಸಿ ಬ್ಯಾಂಕಿನಲ್ಲಿ ಹಾಗಿಲ್ಲ. ಅಲ್ಲಿ ರೈತ ಪಿಕೆಪಿಎಸ್ ಸದಸ್ಯ. ಸಂಘ ಒಬ್ಬರ ಹೆಸರಿಗೆ ಠರಾವು ಮಾಡುತ್ತದೆ. ಆ ಒಬ್ಬರು ಹೋಗಿ ಮತ ಹಾಕುತ್ತಾರೆ. ಎರಡು ಮೆಟ್ಟಿಲು.

ಚೆಸ್ ಸಂಸ್ಥೆಯಲ್ಲಿ ಇನ್ನೂ ಒಂದು ಮೆಟ್ಟಿಲು ಹೆಚ್ಚು. ಕೆಳಗೆ ಜಿಲ್ಲಾ ಸಂಘ, ಅದರ ಮೇಲೆ ರಾಜ್ಯ ಸಂಸ್ಥೆ, ಅದರ ಮೇಲೆ 1951ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಚೆಸ್ ಫೆಡರೇಶನ್. ಮೇಲಿನ ಚುನಾವಣೆಯಲ್ಲಿ ಒಂದೊಂದು ರಾಜ್ಯ ಸಂಸ್ಥೆಗೆ ಎರಡೆರಡು ಮತ. ಆಟಗಾರ ಗ್ರ್ಯಾಂಡ್‌ಮಾಸ್ಟರ್ ಆಗಿದ್ದರೂ ಸರಿ, ವಿಶ್ವ ಚಾಂಪಿಯನ್ ಆಗಿದ್ದರೂ ಸರಿ, ಬರೀ ಆಟದ ಬಲದ ಮೇಲೆ ಅವನ ಹೆಸರು ಆ ಮತದಾರರ ಪಟ್ಟಿಗೆ ಏರುವುದಿಲ್ಲ.

2021ರಲ್ಲಿ ಅಲ್ಲಿ ಬಿದ್ದ ಮತ ಎಷ್ಟು ಗೊತ್ತೇ? ಬರೋಬ್ಬರಿ 64. ಚದುರಂಗದ ಹಲಗೆಯ ಮನೆಗಳೂ 64! ಎರಡೆರಡು ಮತದ 32 ರಾಜ್ಯ ಘಟಕಗಳು. ಹಲಗೆಯ ಮೇಲಿನ ಕಾಯಿಗಳೂ 32. ಕಾಕತಾಳೀಯವೇ ಇರಲಿ, ಲೆಕ್ಕ ಮಾತ್ರ ಚೊಕ್ಕಾಗಿ ಕೂತಿದೆ. 140 ಕೋಟಿ ಜನರ ದೇಶದಲ್ಲಿ ಚೆಸ್ಸಿನ ಗದ್ದುಗೆ ಯಾರಿಗೆ ಎಂದು ನಿರ್ಣಯ ಮಾಡಿದ್ದು 64 ಮತ.

ರಾಜನಿಗೇ ಶಹ!

ಆ ಚುನಾವಣೆಯ ಕಥೆ ಕೇಳಿದರೆ ನಮ್ಮ ಸಹಕಾರಿ ಧುರೀಣರೂ ತಲೆದೂಗಬೇಕು. 2020ರ ಹೊತ್ತಿಗೆ ಫೆಡರೇಶನ್ ಒಡೆದು ಎರಡು ಹೋಳಾಗಿತ್ತು. ಒಂದು ಕಡೆ ಅಧ್ಯಕ್ಷ ಪಿ.ಆರ್. ವೆಂಕಟರಾಮ ರಾಜಾ, ರಾಮ್ಕೋ ಉದ್ಯಮ ಸಮೂಹದ ಯಜಮಾನರು. ಇನ್ನೊಂದು ಕಡೆ ಕಾರ್ಯದರ್ಶಿ ಭರತ್ ಸಿಂಗ್ ಚೌಹಾಣ್. ಅಧ್ಯಕ್ಷರದ್ದೊಂದು ಬಣ, ಕಾರ್ಯದರ್ಶಿಯದ್ದೊಂದು ಬಣ. ವ್ಯಾಜ್ಯ ಮದ್ರಾಸ್ ಹೈಕೋರ್ಟ್ ಮೆಟ್ಟಿಲು ಹತ್ತಿತು. ನಿವೃತ್ತ ನ್ಯಾಯಮೂರ್ತಿ ಕೆ. ಕಣ್ಣನ್ ಅವರನ್ನು ಕೋರ್ಟು ಚುನಾವಣಾಧಿಕಾರಿಯಾಗಿ ನೇಮಿಸಬೇಕಾಯಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಕೊರೊನಾ ಕಾಲದ ಆನ್‌ಲೈನ್ ಒಲಿಂಪಿಯಾಡ್‌ನಲ್ಲಿ ನಮ್ಮ ಹುಡುಗ ಹುಡುಗಿಯರು ರಷ್ಯಾದ ಜೊತೆ ಚಿನ್ನ ಹಂಚಿಕೊಂಡರು. ಆಡುವವರು ದೇಶಕ್ಕೆ ಚಿನ್ನ ತರುತ್ತಿದ್ದಾರೆ, ಆಡಿಸುವವರು ಕೋರ್ಟಿಗೆ ಕಾಗದ ಹೊರುತ್ತಿದ್ದಾರೆ. ಎಂಥಾ ಚೆಂದ!

2021ರ ಜನವರಿ 4ರಂದು ಆನ್‌ಲೈನಿನಲ್ಲೇ ಮತದಾನವಾಯಿತು. ಅಧ್ಯಕ್ಷ ಸ್ಥಾನಕ್ಕೆ ಕಾನ್ಪುರದ ಸಂಜಯ್ ಕಪೂರ್ 33, ರಾಜಾ 31. ಕಾರ್ಯದರ್ಶಿ ಸ್ಥಾನಕ್ಕೆ ಚೌಹಾಣ್ 35, ರವೀಂದ್ರ ಡೋಂಗ್ರೆ 29. ಖಜಾಂಚಿ ಸ್ಥಾನಕ್ಕೆ ನರೇಶ್ ಶರ್ಮಾ 34, ಗೋವಾದ ಕಿಶೋರ್ ಬಾಂದೇಕರ್ 30. ಮೂರೂ ಕುರ್ಚಿ ಒಂದೇ ಬಣಕ್ಕೆ ಹೋದವು. ರಾಜಾ ಅವರಿಗೇ ಶಹ ಬಿತ್ತು!

33ಕ್ಕೆ 31 ಅಂದರೇನು? ಒಂದೇ ಒಂದು ಮತ ಆ ಕಡೆಯಿಂದ ಈ ಕಡೆ ಸರಿದಿದ್ದರೆ 32ಕ್ಕೆ 32. ಒಂದು ರಾಜ್ಯದ ಎರಡೂ ಮತ ಸರಿದಿದ್ದರೆ ಫಲಿತಾಂಶವೇ ತಿರುವು ಮುರುವು. ಇಂಥ ಲೆಕ್ಕದಲ್ಲಿ ಒಬ್ಬ ಪ್ರತಿನಿಧಿಯ ಬೆಲೆ ಎಷ್ಟು ಎಂಬುದನ್ನು ಡಿಸಿಸಿ ಬ್ಯಾಂಕಿನ ಚುನಾವಣೆ ಕಂಡ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕೇ?

43 ಬೇಕಿತ್ತು, ಬಿದ್ದದ್ದು 35

ಗೆದ್ದ ಮೇಲೂ ಕಥೆ ಮುಗಿಯಲಿಲ್ಲ. ಸೋತ ಡೋಂಗ್ರೆ ದಿಲ್ಲಿ ಹೈಕೋರ್ಟಿಗೆ ಹೋದರು. ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳಿಗೆ ಸರ್ಕಾರದ ಒಂದು ಸಂಹಿತೆ ಇದೆ, 2011ರದ್ದು. ಅದರ ಬೇರು ಮಾತ್ರ 1975ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸೂಚನೆಗಳಷ್ಟು ಹಳೆಯದು. ಕುರ್ಚಿಯಲ್ಲಿ ಕೂತವರು ಅಲ್ಲೇ ಬೇರು ಬಿಡಬಾರದು ಎಂಬುದು ಅದರ ತಿರುಳು. ಅಧಿಕಾರದಲ್ಲಿದ್ದವರು ಮತ್ತೆ ಆರಿಸಿ ಬರಬೇಕಾದರೆ ಬರೀ ಬಹುಮತ ಸಾಲದು, ಮೂರರಲ್ಲಿ ಎರಡು ಪಾಲು ಮತ ಬೇಕು ಎಂಬುದು ಡೋಂಗ್ರೆ ಅವರ ವಾದ.

64ರಲ್ಲಿ ಮೂರರಲ್ಲಿ ಎರಡು ಪಾಲು ಅಂದರೆ 43. ಚೌಹಾಣ್ ಅವರಿಗೆ ಬಿದ್ದದ್ದು 35. ಎಂಟು ಕಡಿಮೆ! 2022ರ ಜೂನ್‌ನಲ್ಲಿ ಹೈಕೋರ್ಟು ಅವರ ಆಯ್ಕೆಯನ್ನು ರದ್ದು ಮಾಡಿತು.

ಹೊತ್ತು ನೋಡಿ ಹೇಗಿತ್ತು. ಉಕ್ರೇನ್ ಯುದ್ಧದಿಂದಾಗಿ ರಷ್ಯಾದ ಕೈತಪ್ಪಿದ ಚೆಸ್ ಒಲಿಂಪಿಯಾಡ್ ನಮ್ಮ ದೇಶಕ್ಕೆ ಬಂದಿತ್ತು. ಚೆನ್ನೈ ಹತ್ತಿರದ ಮಾಮಲ್ಲಪುರದಲ್ಲಿ ಜುಲೈ ಕೊನೆಗೆ ಆಟ ಶುರುವಾಗಬೇಕು. ಜಗತ್ತಿನ ಮಂದಿಯೆಲ್ಲ ಬರುತ್ತಿದ್ದಾರೆ, ಮನೆಯ ಕಾರ್ಯದರ್ಶಿಯೇ ಇಲ್ಲ! ಮದುವೆ ಮುಹೂರ್ತಕ್ಕೆ ಹಂದರದ ಕಂಬ ಕಿತ್ತ ಹಾಗೆ. ಕೊನೆಗೆ ಒಲಿಂಪಿಯಾಡ್ ಮುಗಿಯಲಿ ಎಂದು ಸುಪ್ರೀಂ ಕೋರ್ಟು ಆಗಸ್ಟ್ 15ರ ತನಕ ಅವರನ್ನು ಮುಂದುವರಿಯಲು ಬಿಟ್ಟಿತು. ಆಟ ಚೆಂದಾಗಿಯೇ ನಡೆಯಿತು. ಭಾರತದ ಎರಡನೆಯ ತಂಡವೂ ಮಹಿಳಾ ತಂಡವೂ ಕಂಚು ಗೆದ್ದವು. ನ್ಯಾಯವಾಗಿ ಹೇಳಬೇಕೆಂದರೆ, ಅಷ್ಟು ದೊಡ್ಡ ಮೇಳವನ್ನು ಕೆಲವೇ ತಿಂಗಳಲ್ಲಿ ಹಮ್ಮಿಕೊಂಡ ಶ್ರೇಯಸ್ಸು ತಮಿಳುನಾಡು ಸರ್ಕಾರದ ಜೊತೆಗೆ ಈ ಪದಾಧಿಕಾರಿಗಳಿಗೂ ಸಲ್ಲಬೇಕು. ಕೆಲಸ ಬಲ್ಲವರು ಎಂಬುದು ಬೇರೆ, ನಿಯಮದಂತೆ ಆರಿಸಿ ಬಂದವರು ಎಂಬುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

2024ರ ಮಾರ್ಚ್‌ನಲ್ಲಿ ಹೊಸ ಆಡಳಿತ ಬಂತು. ನಿತಿನ್ ನಾರಂಗ್ ಅಧ್ಯಕ್ಷರು, ಗುಜರಾತಿನ ದೇವ್ ಪಟೇಲ್ ಕಾರ್ಯದರ್ಶಿ, ಧರ್ಮೇಂದ್ರ ಕುಮಾರ್ ಖಜಾಂಚಿ. ಈ ಸಲ ಮತವೇ ಬೀಳಲಿಲ್ಲ, ಎಲ್ಲ ಅವಿರೋಧ. ಹೊಸಬರು 65 ಕೋಟಿ ರೂಪಾಯಿಯ ಯೋಜನೆ ಘೋಷಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ಚಿನ್ನ ಬಂತು. ಡಿಸೆಂಬರ್‌ನಲ್ಲಿ ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ. 2025ರ ಜುಲೈನಲ್ಲಿ ದಿವ್ಯಾ ದೇಶಮುಖ್ ಮಹಿಳಾ ವಿಶ್ವಕಪ್ ಗೆದ್ದಳು. ಹಾಗಾದರೆ ಎಲ್ಲ ಸರಿಯಾಯಿತಲ್ಲ, ಇನ್ನೇನು ತಕರಾರು ಅನ್ನಬಹುದು.

ತಕರಾರು ಇದೆ. ಮೇಲೆ ಕಳಸ ಹೊಳೆಯುತ್ತಿದೆ ಅಂತ ಕೆಳಗಿನ ಗೋಡೆ ಸೋರುವುದನ್ನು ನೋಡದೆ ಇರಬೇಕೇ?

ನಮ್ಮ ಹುಡುಗನಿಗೆ ತಾಗುವುದು ಎಲ್ಲಿ?

ಅಂತರರಾಷ್ಟ್ರೀಯ ರೇಟಿಂಗ್ ಅಂದರೆ ಚೆಸ್ ಆಟಗಾರನ ಮಾರ್ಕ್ಸ್ ಕಾರ್ಡು ಇದ್ದ ಹಾಗೆ. ಅದು ಸಿಗಬೇಕಾದರೆ ಫಿಡೆ ಎಂಬ ಜಾಗತಿಕ ಸಂಸ್ಥೆಯಲ್ಲಿ ನೋಂದಣಿಯಾದ ಪಂದ್ಯಾವಳಿಯಲ್ಲೇ ಆಡಬೇಕು. ಆ ಪಂದ್ಯಾವಳಿಯನ್ನು ಫಿಡೆಗೆ ನೋಂದಾಯಿಸುವುದು ಆಯಾ ದೇಶದ ಫೆಡರೇಶನ್. ಗೋಕಾಕದ ನಾಲ್ಕು ವ್ಯಾಪಾರಸ್ಥರು ಕೂಡಿ, ಮೂಡಲಗಿಯಲ್ಲೋ ಸಂಕೇಶ್ವರದಲ್ಲೋ ಒಂದು ಕಲ್ಯಾಣ ಮಂಟಪ ಹಿಡಿದು, ಬಹುಮಾನದ ದುಡ್ಡೂ ಇಟ್ಟು ರೇಟಿಂಗ್ ಪಂದ್ಯಾವಳಿ ಮಾಡುತ್ತೇವೆ ಅಂದರೆ ತಾವಾಗಿಯೇ ಮಾಡಲು ಬರುವುದಿಲ್ಲ. ಮೇಲಿನ ಒಪ್ಪಿಗೆ ಬೇಕು. ರಾಜ್ಯ ತಂಡಕ್ಕೆ ಆಯ್ಕೆಯಾಗುವುದೂ ಈ ಮೆಟ್ಟಿಲುಗಳ ಮೂಲಕವೇ.

ಅಂದಮೇಲೆ ಮೇಲಿನವರು ಮುನಿಸಿಕೊಂಡರೆ? ಅದಕ್ಕೂ ಉದಾಹರಣೆ ಇದೆ. ಫೆಡರೇಶನ್ ಒಪ್ಪದ ಬೇರೆ ಸಂಘಟನೆಯ ಪಂದ್ಯಾವಳಿಗಳಲ್ಲಿ ಆಡಿದರು ಎಂಬ ಕಾರಣಕ್ಕೆ ಹಿಂದೆ ಆಟಗಾರರ ಮೇಲೆ ನಿಷೇಧ ಬಿತ್ತು. ಕಷ್ಟಪಟ್ಟು ಗಳಿಸಿದ ರೇಟಿಂಗ್ ಹೋಯಿತು. ಹೇಮಂತ್ ಶರ್ಮಾ ಮೊದಲಾದವರು ಕಾನೂನಿನ ದಾರಿ ಹಿಡಿದರು. ವಿಷಯ ಭಾರತೀಯ ಸ್ಪರ್ಧಾ ಆಯೋಗದ ತನಕ ಹೋಯಿತು. ಸಿಮೆಂಟು, ಮೋಟಾರು ಕಂಪನಿಗಳ ಏಕಸ್ವಾಮ್ಯವನ್ನು ವಿಚಾರಿಸುವ ಆಯೋಗ ಅದು! 2018ರ ಜುಲೈನಲ್ಲಿ ಆಯೋಗ ತೀರ್ಪು ಕೊಟ್ಟು, ಫೆಡರೇಶನ್ ತನ್ನ ಪ್ರಾಬಲ್ಯವನ್ನು ದುರುಪಯೋಗ ಮಾಡಿಕೊಂಡಿದೆ ಎಂದು ಹೇಳಿ ಸುಮಾರು 6.92 ಲಕ್ಷ ರೂಪಾಯಿ ದಂಡ ಹಾಕಿತು.

ವಿಚಾರ ಮಾಡಿ. ದೊಡ್ಡವರ ಎರಡು ಗುಂಪು ಜಗಳಾಡಿದರೆ ಒಂದು ಗುಂಪಿಗೆ ಕುರ್ಚಿ ಹೋಗುತ್ತದೆ, ಅಷ್ಟೆ. ಆದರೆ ಆಟಗಾರನಿಗೆ ಹೋಗುವುದು ವಯಸ್ಸು. ಚೆಸ್ಸಿನಲ್ಲಿ 12ರಿಂದ 18ರ ನಡುವೆ ಹೋದ ವರ್ಷವನ್ನು ಯಾವ ಕೋರ್ಟೂ ವಾಪಸ್ ಕೊಡಿಸಲಾರದು. ನಮ್ಮ ಕರ್ನಾಟಕದಲ್ಲೂ ಹಿಂದೊಮ್ಮೆ ಕರ್ನಾಟಕ ರಾಜ್ಯ ಚೆಸ್ ಸಂಸ್ಥೆ ಮತ್ತು ಯುನೈಟೆಡ್ ಕರ್ನಾಟಕ ಚೆಸ್ ಸಂಸ್ಥೆ ಎಂದು ಎರಡು ಹೆಸರು ಕೇಳಿದ್ದೇವೆ. ಒಂದೇ ಆಟಕ್ಕೆ ಎರಡು ಬಾಗಿಲು ಆದಾಗ ಹಳ್ಳಿಯ ಹುಡುಗ ಯಾವ ಬಾಗಿಲು ಬಡಿಯಬೇಕು?

ಇನ್ನೊಂದು ಲೆಕ್ಕವೂ ನೋಡಿ. ವಿಶ್ವನಾಥನ್ ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 1988ರಲ್ಲಿ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. 29 ವರ್ಷ ಕಾದೆವು! 2023ಕ್ಕೆ ದೇಶದಲ್ಲಿ ಗ್ರ್ಯಾಂಡ್‌ಮಾಸ್ಟರುಗಳ ಸಂಖ್ಯೆ 80 ಮುಟ್ಟಿದಾಗ ಅವರಲ್ಲಿ ತಮಿಳುನಾಡಿನವರದೇ ದೊಡ್ಡ ಪಾಲು. ಬುದ್ಧಿ ಅಲ್ಲಿ ಮಾತ್ರ ಬೆಳೆಯುತ್ತದೆಯೇ? ಇಲ್ಲ. ಅಲ್ಲಿ ಊರೂರಿಗೆ ಪಂದ್ಯಾವಳಿ ಇದೆ, ಸಂಘ ಇದೆ, ಕಲಿಸುವವರಿದ್ದಾರೆ. ದೂರ ಯಾಕೆ, ನಮ್ಮ ಗಡಿಯಾಚೆಯ ಸಾಂಗ್ಲಿಯನ್ನೇ ನೋಡಿ. ಅಲ್ಲಿ ಭಾವುಸಾಹೇಬ್ ಪಡಸಲಗೀಕರ್ ಕಟ್ಟಿ ಬೆಳೆಸಿದ ನೂತನ ಬುದ್ಧಿಬಳ ಮಂಡಳ ಇದೆ. ದಶಕಗಳ ಕಾಲ ಬೇಸಿಗೆ ಬಂದರೆ ಸಾಂಗ್ಲಿಯಲ್ಲಿ ಬುದ್ಧಿಬಳದ ಜಾತ್ರೆಯೇ ನಡೆಯಿತು. ಒಂದು ಊರಿನ ಒಂದು ಸಂಘ ಗಟ್ಟಿಯಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗೋವಾಕ್ಕೆ ಎರಡು, ಬೆಳಗಾವಿಗೆ ಸೊನ್ನೆ

2011ರ ಜನಗಣತಿಯಂತೆ ಗೋವಾ ರಾಜ್ಯದ ಜನಸಂಖ್ಯೆ 14.58 ಲಕ್ಷ. ನಮ್ಮ ಬೆಳಗಾವಿ ಜಿಲ್ಲೆಯೊಂದರದ್ದೇ 47.79 ಲಕ್ಷ. ಗೋವಾದ ಮೂರು ಪಟ್ಟಿಗೂ ಮಿಕ್ಕಿ! ಆದರೆ ಫೆಡರೇಶನ್ ಚುನಾವಣೆಯಲ್ಲಿ ಗೋವಾಕ್ಕೆ ಎರಡು ಮತ. ಇಡೀ ಕರ್ನಾಟಕಕ್ಕೂ ಎರಡೇ. ಬೆಳಗಾವಿಗೆ ನೇರವಾಗಿ ಸೊನ್ನೆ.

ಹಾಗಂತ ಜನಸಂಖ್ಯೆಯಂತೆ ಮತ ಹಂಚಿ ಎಂದು ನಾವು ಹೇಳುವುದಿಲ್ಲ. ಹಾಗೆ ಮಾಡಿದರೆ ನಾಲ್ಕೈದು ದೊಡ್ಡ ರಾಜ್ಯಗಳೇ ಕೂಡಿ ಎಲ್ಲವನ್ನೂ ಹೊತ್ತುಕೊಂಡು ಹೋದಾವು. ಮಣಿಪುರ, ತ್ರಿಪುರದ ಹುಡುಗನ ಗತಿ ಏನು? ರಾಜ್ಯಕ್ಕೆ ಇಷ್ಟು ಎಂಬ ಕಟ್ಟಳೆಗೂ ಒಂದು ನ್ಯಾಯ ಇದೆ. ತಪ್ಪು ಇರುವುದು ಅಲ್ಲಲ್ಲ. ಆ ಎರಡು ಮತ ಹಾಕಲು ಹೋಗುವವರು ಯಾರು, ಅವರನ್ನು ಕಳಿಸಿದವರು ಯಾರು, ಯಾರ ಮಾತು ಕೇಳಿ ಅವರು ಮತ ಹಾಕುತ್ತಾರೆ ಎಂಬುದು ಕೆಳಗಿನವರಿಗೆ ಗೊತ್ತೇ ಆಗುವುದಿಲ್ಲವಲ್ಲ, ತಪ್ಪು ಅಲ್ಲಿದೆ.

ಡಿಸಿಸಿ ಬ್ಯಾಂಕಿಗೆ ನಮ್ಮ ಸಂಘದ ಠರಾವು ಯಾರ ಹೆಸರಿಗೆ ಆಯಿತು ಎಂದು ಊರಿಗೆಲ್ಲ ಗೊತ್ತು. ಸರಿ ಕಾಣದಿದ್ದರೆ ಕಟ್ಟೆಯ ಮೇಲೆ ಅಡ್ಡಹಾಕಿ ಕೇಳುತ್ತಾರೆ. “ಯಾಕ್ರೀ ಕಾಕಾ, ಅವರಿಗೇ ಯಾಕ ಹಾಕಿದ್ರಿ?” ಚೆಸ್ ಸಂಸ್ಥೆಗೆ ಹೋದ ಪ್ರತಿನಿಧಿಯನ್ನು ಹೀಗೆ ಕೇಳಿದ ತಂದೆತಾಯಿ ಎಷ್ಟು ಮಂದಿ?

ಆಟದ ರಾಜರೂ ಇಲ್ಲಿ ಸೋತರು

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಜಾಗತಿಕ ಸಂಸ್ಥೆ ಫಿಡೆಯಲ್ಲೂ ಒಂದು ದೇಶಕ್ಕೆ ಒಂದು ಮತ. ಹಾಕುವವರು ದೇಶದ ಫೆಡರೇಶನ್ನಿನವರು. 1995ರಿಂದ 2018ರ ತನಕ 23 ವರ್ಷ ಅಲ್ಲಿ ಕಿರ್ಸಾನ್ ಇಲ್ಯುಮ್‌ಝಿನೋವ್ ಎಂಬ ರಷ್ಯಾದ ಧುರೀಣರೇ ಅಧ್ಯಕ್ಷರು. ಅವರನ್ನು ಇಳಿಸಲು 2010ರಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾರ್ಪೋವ್ ನಿಂತರು. 95ಕ್ಕೆ 55 ಮತಗಳಿಂದ ಸೋತರು. 2014ರಲ್ಲಿ ಕಾಸ್ಪರೋವ್ ನಿಂತರು. 110ಕ್ಕೆ 61ರಿಂದ ಸೋತರು. ಹಲಗೆಯ ಮೇಲೆ ಜಗತ್ತನ್ನೇ ಗೆದ್ದ ಇಬ್ಬರು, ಮತದ ಆಟದಲ್ಲಿ ಮಾತ್ ಆದರು!

2022ರಲ್ಲಿ ಅರ್ಕಾದಿ ಡ್ವೋರ್ಕೊವಿಚ್ ಅವರು ನಮ್ಮ ಆನಂದ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಜೊತೆಗೆ ಇಟ್ಟುಕೊಂಡು ನಿಂತರು. 157ಕ್ಕೆ 16 ಮತಗಳಿಂದ ಗೆದ್ದರು. ಪಾಠ ಇಷ್ಟೆ: ಆಟ ಬಲ್ಲವರು ಒಬ್ಬರೇ ನಿಂತರೆ ಸೋಲುತ್ತಾರೆ, ಮತ ಬಲ್ಲವರ ಜೊತೆ ನಿಂತರೆ ಗೆಲ್ಲುತ್ತಾರೆ. ಹಾಗಾದರೆ ಮತ ಬಲ್ಲವರನ್ನು ಹದ್ದುಬಸ್ತಿನಲ್ಲಿ ಇಡುವವರು ಯಾರು?

ಕಾನೂನು ಬಂತು, ನಾವು ಬಂದೆವೇ?

2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಅಂಗೀಕರಿಸಿತು. ಹಳೆಯ ಸಂಹಿತೆ ಸರ್ಕಾರದ ಸೂಚನೆಯಾಗಿತ್ತು. ಇದು ಪಕ್ಕಾ ಕಾನೂನು. ಕಾರ್ಯಕಾರಿ ಸಮಿತಿಯಲ್ಲಿ 15ಕ್ಕಿಂತ ಹೆಚ್ಚು ಮಂದಿ ಇರಬಾರದು, ಕನಿಷ್ಠ ನಾಲ್ವರು ಮಹಿಳೆಯರು ಇರಬೇಕು, ಹೆಸರು ಮಾಡಿದ ಕ್ರೀಡಾಪಟುಗಳು ಕನಿಷ್ಠ ಇಬ್ಬರು ಇರಬೇಕು. ಚುನಾವಣೆ ನೋಡಿಕೊಳ್ಳಲು ಪ್ರತ್ಯೇಕ ಚುನಾವಣಾ ಸಮಿತಿ, ವ್ಯಾಜ್ಯ ತೀರಿಸಲು ಪ್ರತ್ಯೇಕ ನ್ಯಾಯಮಂಡಳಿ. ಇವೆಲ್ಲ ಒಳ್ಳೆಯವೇ. ಆಟಗಾರ ಒಳಗೆ ಕೂಡ್ರಲು ಎರಡು ಕುರ್ಚಿಯಾದರೂ ಬಂದವು.

ಆದರೆ ನಮ್ಮಲ್ಲಿ ಗಾದೆ ಇದೆ: ದೇವರು ಕೊಟ್ಟರೂ ಪೂಜಾರಿ ಕೊಡ. ಕಾಯ್ದೆ ದಿಲ್ಲಿಯ ಕುರ್ಚಿಗಳನ್ನು ಎಣಿಸೀತು. ಜಿಲ್ಲಾ ಸಂಘದ ಸದಸ್ಯರ ಪಟ್ಟಿಯಲ್ಲಿ ಗೋಕಾಕದವರ ಹೆಸರು ಉಂಟೋ ಇಲ್ಲವೋ ನೋಡಲು ದಿಲ್ಲಿಯಿಂದ ಯಾರೂ ಬರುವುದಿಲ್ಲ.

ಮಾಡಬೇಕಾದದ್ದು ದೊಡ್ಡದಲ್ಲ. ನೋಂದಣಿಯಾದ ಯಾವುದೇ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ವರ್ಷಕ್ಕೊಮ್ಮೆ ಮಹಾಸಭೆ ಕರೆಯಬೇಕು. ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮಗುವಿನ ಹೆಸರಿನಲ್ಲಿ ಶುಲ್ಕ ಕಟ್ಟುವ ಪಾಲಕರು ಮೂರು ಪ್ರಶ್ನೆ ಕೇಳಲಿ. ಸದಸ್ಯತ್ವ ಯಾರಿಗೆ ಕೊಡುತ್ತೀರಿ? ಮಹಾಸಭೆ ಯಾವತ್ತು? ರಾಜ್ಯ ಸಂಸ್ಥೆಗೆ ನಮ್ಮ ಪರವಾಗಿ ಹೋಗುವವರು ಯಾರು? ಈ ಮೂರಕ್ಕೆ ನೆಟ್ಟಗೆ ಉತ್ತರ ಕೊಡುವ ಸಂಘ ಒಳ್ಳೆಯ ಸಂಘ. ಅದಕ್ಕೆ ಕೈಜೋಡಿಸಿ, ಪಂದ್ಯಾವಳಿಗೆ ವರ್ಗಣಿ ಕೊಡಿ. ಉತ್ತರ ತಪ್ಪಿಸುವ ಸಂಘ ಇದ್ದರೆ ಹತ್ತು ಮಂದಿ ಪಾಲಕರು ಕೂಡಿ ಹೋಗಿ ಮತ್ತೊಮ್ಮೆ ಕೇಳಿ. ಒಬ್ಬ ಕೇಳಿದರೆ ಕಿರಿಕಿರಿ ಅಂತಾರೆ, ಹತ್ತು ಮಂದಿ ಕೇಳಿದರೆ ಮಹಾಸಭೆ ಅಂತಾರೆ!

ಸೊಸೈಟಿ ಚುನಾವಣೆಗೆ ಹೊಲದ ಕೆಲಸ ಬಿಟ್ಟು ಸಾಲು ನಿಲ್ಲುವ ಮಂದಿ ನಾವು. ಮಕ್ಕಳ ಆಟದ ಸಂಘಕ್ಕೆ ವರ್ಷದಲ್ಲಿ ಒಂದು ಮಧ್ಯಾಹ್ನ ಕೊಡಲು ಆಗದೇ? ಚದುರಂಗದಲ್ಲಿ ಪ್ಯಾದೆ ಒಂದೊಂದೇ ಮನೆ ನಡೆಯುತ್ತದೆ, ಹಿಂದೆ ಸರಿಯುವುದಿಲ್ಲ, ಎಂಟನೆಯ ಸಾಲು ಮುಟ್ಟಿದರೆ ಅದೇ ಮಂತ್ರಿ ಆಗುತ್ತದೆ. ಗೋಕಾಕದ ಪ್ಯಾದೆಗೆ ಮೊದಲ ಮನೆ ಜಿಲ್ಲಾ ಸಂಘ. ಆ ಒಂದು ಮನೆಯನ್ನಾದರೂ ನಡೆಸಿಕೊಡುವುದು ಪಾಲಕರ ಕೈಯಲ್ಲಿದೆ. ಇಲ್ಲದಿದ್ದರೆ 64 ಮನೆಯ ಆಟವನ್ನು 64 ಮಂದಿ ಆಡುತ್ತಿರುತ್ತಾರೆ. ನಾವು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫಲಿತಾಂಶ ಓದುತ್ತಿರುತ್ತೇವೆ.